ಕುದುರೆಗಳ ಬಾಯಲ್ಲಿ ಫಿಲ್ಮ್ ಪಟ್ಟಿ: ಶಿಕಾಗೋ ಥಿಯೇಟರಿನ ಹಿನ್ನೆಲೆ

ಅಮೆರಿಕದ ಶಿಕಾಗೋ ನಗರದ ನಟ್ಟನಡುವೆ, ಸ್ಟೇಟ್ ಸ್ಟ್ರೀಟಿನಲ್ಲಿರುವ ಶಿಕಾಗೋ ಥಿಯೇಟರಿನ ಮುಂಭಾಗವನ್ನು ನೋಡಿದರೆ ಪ್ಯಾರಿಸ್ಸಿನ ವಿಜಯದ ಕಮಾನು ನೆನಪಾಗುತ್ತದೆ. ತಿಳಿಬಿಳಿ ಟೆರಾಕೋಟಾದ ಆ ಕಮಾನಿನೊಳಗೆ ಬಣ್ಣದ ಗಾಜಿನ ದುಂಡು ಕಿಟಕಿ. ಅದರಲ್ಲಿ ಎರಡು ಕುದುರೆಗಳು 35 ಮಿ.ಮೀ. ಫಿಲ್ಮಿನ ಪಟ್ಟಿಯನ್ನು ಕಚ್ಚಿಕೊಂಡು ನಿಂತಿವೆ. ರಾಜಮನೆತನದ ಲಾಂಛನದಂತೆ ಕಂಡರೂ ಇದು ಬಾಲಬಾನ್ ಅಂಡ್ ಕಾಟ್ಜ್ ಎಂಬ ಚಿತ್ರಮಂದಿರ ಕಂಪನಿಯ ಗುರುತು. ಗತ್ತು ಅರಸರದು, ಲೆಕ್ಕ ವ್ಯಾಪಾರಿಗಳದು.

1905ರ ಸುಮಾರಿಗೆ ಅಮೆರಿಕದಲ್ಲಿ ಸಿನಿಮಾ ಎಂದರೆ ಅಂಗಡಿ ಮಳಿಗೆಯಲ್ಲಿ ಬೆಂಚು ಹಾಕಿ, ಐದು ಸೆಂಟಿಗೆ ತೋರಿಸುವ ಆಟ. ಸ್ಥಿತಿವಂತರು ಅತ್ತ ಮೂಗು ಮುರಿಯುತ್ತಿದ್ದರು. ಅವರನ್ನು ಒಳಗೆ ಕರೆತರಲು ಚಿತ್ರಕ್ಕಿಂತ ಮೊದಲು ಕಟ್ಟಡವೇ ಸೆಳೆಯಬೇಕೆಂದು ಬಾಲಬಾನ್ ಸೋದರರು ಮತ್ತು ಸ್ಯಾಮ್ ಕಾಟ್ಜ್ ಹೂಡಿದ ಉಪಾಯ 1917ರ ಸೆಂಟ್ರಲ್ ಪಾರ್ಕ್ ಥಿಯೇಟರಿನಲ್ಲಿ ಫಲಿಸಿತು. ಬಾರ್ನಿ ಬಾಲಬಾನ್ ಹಿಂದೆ ಶೀತಲ ಗೋದಾಮಿನ ಕಂಪನಿಯೊಂದರಲ್ಲಿ ಕೆಲಸ ಮಾಡಿದ್ದವರು. ಮಾಂಸ ಕೆಡದಂತೆ ಇಡುವ ಯಂತ್ರದಿಂದ ಜನರನ್ನೂ ತಣ್ಣಗಿಡಬಹುದಲ್ಲ! ಬೇಸಿಗೆಯಲ್ಲಿ ಖಾಲಿ ಹೊಡೆಯುತ್ತಿದ್ದ ಥಿಯೇಟರುಗಳು ಬೇಸಿಗೆಯಲ್ಲೇ ತುಂಬತೊಡಗಿದವು. ನನ್ನ ಮಟ್ಟಿಗೆ ಅಮೃತಶಿಲೆಗಿಂತ ದೊಡ್ಡ ಆಕರ್ಷಣೆ ಈ ತಂಪೇ.

ಆ ಲಾಭದ ಬಲದಿಂದ ಸುಮಾರು 40 ಲಕ್ಷ ಡಾಲರ್ ಖರ್ಚಿನಲ್ಲಿ ಎದ್ದ ಶಿಕಾಗೋ ಥಿಯೇಟರ್ 1921ರ ಅಕ್ಟೋಬರ್ 26ರಂದು ತೆರೆಯಿತು. ವಾಸ್ತುಶಿಲ್ಪಿಗಳು ಕಾರ್ನೆಲಿಯಸ್ ಮತ್ತು ಜಾರ್ಜ್ ರ‍್ಯಾಪ್ ಸೋದರರು. ಆಸನಗಳು ಮೂರೂವರೆ ಸಾವಿರಕ್ಕೂ ಹೆಚ್ಚು. ಐದು ಮಹಡಿಯಷ್ಟು ಎತ್ತರದ ಲಾಬಿಗೆ ವರ್ಸೇಲ್ಸ್ ಅರಮನೆಯ ಪ್ರಾರ್ಥನಾ ಮಂದಿರ ಮಾದರಿ. ಇಷ್ಟೊಂದು ಜಾಗ ಲಾಬಿಗೇಕೆ? ಒಂದು ಆಟ ನಡೆಯುತ್ತಿರುವಾಗ ಮುಂದಿನ ಆಟದ ಸಾವಿರಾರು ಜನ ಗೊಣಗದೆ ಕಾಯಬೇಕಿತ್ತು. ಕತ್ತೆತ್ತಿ ಚಾವಣಿ ನೋಡುವವರಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಅಗಲವಾದ ಮೆಟ್ಟಿಲು, ಹಲವು ಹೊರದಾರಿಗಳು ಮಾತ್ರ ಬರೀ ಶೋಕಿಯಲ್ಲ. 1903ರ ಡಿಸೆಂಬರ್ 30ರಂದು ಇದೇ ಆಸುಪಾಸಿನ ಇರೊಕ್ವಾ ನಾಟಕಶಾಲೆಗೆ ಬೆಂಕಿ ಬಿದ್ದಾಗ, ತೆರೆಯಲಾಗದ ಬಾಗಿಲುಗಳ ಹಿಂದೆ ಸಿಲುಕಿ 600ಕ್ಕೂ ಹೆಚ್ಚು ಜನ ಸತ್ತಿದ್ದರು. ಅಲ್ಲಿಂದಾಚೆ ಥಿಯೇಟರುಗಳ ಸುರಕ್ಷತಾ ನಿಯಮಗಳು ಬಿಗಿಯಾದವು.

ಇಳಿಗಾಲ ಬೇಗ ಬಂತು. ಚಿತ್ರ ತಯಾರಿಸುವ ಸ್ಟುಡಿಯೋಗಳೇ ಥಿಯೇಟರುಗಳ ಒಡೆಯರೂ ಆಗಿದ್ದ ಏರ್ಪಾಡನ್ನು 1948ರ ಸುಪ್ರೀಂ ಕೋರ್ಟ್ ತೀರ್ಪು ಮುರಿಯಿತು. ಟಿವಿ ಮನೆಗೆ ಬಂತು, ಜನ ಉಪನಗರಗಳಿಗೆ ಹೋದರು. 1985ರಲ್ಲಿ ಬಾಗಿಲು ಬಿತ್ತು.

ಮಾಲೀಕರಿಗೆ ಕೆಡವುವ ಮನಸ್ಸಿತ್ತು. ಆದರೆ 1979ರಲ್ಲಿ ರಾಷ್ಟ್ರೀಯ ಪಾರಂಪರಿಕ ಪಟ್ಟಿಯೂ 1983ರಲ್ಲಿ ನಗರದ ಸ್ಮಾರಕ ಪಟ್ಟವೂ ಸಿಕ್ಕಿದ್ದವು. ಸಂರಕ್ಷಣಾ ಗುಂಪೊಂದು ಥಿಯೇಟರನ್ನೂ ಪಕ್ಕದ, 1872ರ ಪೇಜ್ ಬ್ರದರ್ಸ್ ಕಟ್ಟಡವನ್ನೂ ಒಟ್ಟಿಗೆ ಕೊಂಡು ದುರಸ್ತಿ ಮಾಡಿಸಿತು. 1986ರ ಸೆಪ್ಟೆಂಬರ್ 10ರಂದು ಮತ್ತೆ ತೆರೆದದ್ದು ಸಿನಿಮಾದಿಂದಲ್ಲ, ಫ್ರ್ಯಾಂಕ್ ಸಿನಾಟ್ರಾ ಗಾಯನದಿಂದ. ಇಂದಿಗೂ ಅಲ್ಲಿ ಹೆಚ್ಚಾಗಿ ನಡೆಯುವುದು ಸಂಗೀತ, ಹಾಸ್ಯ ಕಾರ್ಯಕ್ರಮಗಳೇ. ಮುಂಭಾಗವನ್ನು ಬದಲಿಸಬೇಕಾದರೆ ನಗರದ ಸ್ಮಾರಕ ಆಯೋಗದ ಒಪ್ಪಿಗೆ ಬೇಕು. ಒಳಗೆ ಸಿನಿಮಾವನ್ನೇ ತೋರಿಸಬೇಕೆಂಬ ಕಟ್ಟುಪಾಡು ಆ ಪಟ್ಟದಲ್ಲಿಲ್ಲ.