ಸರ್ವೆ ನಂಬರ್ ಒಂದೇ ಸಾಲದು: ಕಾಂಪೋಸಿಟ್ ಫಾರಿನ್ ಕೀ

ದಾವಣಗೆರೆ ತಾಲ್ಲೂಕಿನಲ್ಲಿ ‘ಸರ್ವೆ ನಂಬರ್ 45’ ಅಂದರೆ ಯಾವ ಜಮೀನು? ಊರು ಹೇಳದೆ ಗೊತ್ತಾಗುವುದಿಲ್ಲ. ಆನಗೋಡಿಗೆ ಅದರದೇ ನಂಬರುಗಳು, ಮಾಯಕೊಂಡಕ್ಕೆ ಅದರದೇ. ಒಂದೇ ನಂಬರಿನೊಳಗೆ ಮತ್ತೆ ಹಿಸ್ಸಾ, ಅಂದರೆ ಭಾಗಗಳು. ಹಾಗಾಗಿ ಡೇಟಾಬೇಸಿನಲ್ಲಿ ಜಮೀನು ಟೇಬಲ್ಲಿನ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕೀ, ಗ್ರಾಮ, ಸರ್ವೆ, ಹಿಸ್ಸಾ ಎಂಬ ಮೂರು ಕಾಲಂ ಸೇರಿ ಆಗುತ್ತದೆ. ಮೆಕ್ಕೆಜೋಳವೋ ಅಡಿಕೆಯೋ ಎಂದು ಬರೆಯುವ ಬೆಳೆ ಟೇಬಲ್ ಈ ಮೂರನ್ನೂ ಒಟ್ಟಿಗೇ ಹಿಡಿಯಬೇಕು. ಇಲ್ಲಿ ಬರೆದದ್ದು ಆ ಇನ್ನೊಂದು ಟೇಬಲ್ಲಿನಲ್ಲಿ ಇರಲೇಬೇಕು ಎನ್ನುವ ನಿಯಮವೇ ಫಾರಿನ್ ಕೀ, ಹಲವು ಕಾಲಂ ಸೇರಿದರೆ ಅದು ಕಾಂಪೋಸಿಟ್:

ಫಾರಿನ್ ಕೀ (ಗ್ರಾಮ, ಸರ್ವೆ, ಹಿಸ್ಸಾ) ರೆಫರೆನ್ಸಸ್ ಜಮೀನು (ಗ್ರಾಮ, ಸರ್ವೆ, ಹಿಸ್ಸಾ)

ಗ್ರಾಮಗಳಿಗೊಂದು, ಸರ್ವೆ ನಂಬರುಗಳಿಗೊಂದು ಪಟ್ಟಿ ಮಾಡಿ ಬೇರೆ ಬೇರೆ ಫಾರಿನ್ ಕೀ ಕೊಟ್ಟರೆ ಸಾಲದೇ? ಸಾಲದು. 212 ಮಾಯಕೊಂಡದಲ್ಲಿ ಮಾತ್ರ ಇದ್ದರೂ ‘ಆನಗೋಡು, 212’ ಪಾಸಾಗುತ್ತದೆ. ಎರಡೂ ಪಟ್ಟಿಯಲ್ಲಿವೆ, ಜೋಡಿ ಇದೆಯೇ ಎಂದು ಯಾರೂ ನೋಡಲಿಲ್ಲ.

ಕಾಲಂಗಳು ಹೆಸರಿನಿಂದಲ್ಲ, ಬರೆದ ಕ್ರಮದಿಂದ ಜೋಡಿಯಾಗುತ್ತವೆ. ಸರ್ವೆ, ಹಿಸ್ಸಾ ಎರಡೂ ಟೆಕ್ಸ್ಟ್ ಆಗಿದ್ದು ಬೆಳೆ ಟೇಬಲ್ಲಿನ ಕಡೆ ಮಾತ್ರ ಅದಲುಬದಲಾದರೆ, ಕೀ ತಕರಾರಿಲ್ಲದೆ ತಯಾರಾಗುತ್ತದೆ. ಆಮೇಲೆ ಸರ್ವೆ 3ರ ಹಿಸ್ಸಾ 2ರ ಬೆಳೆಯನ್ನು ಸರ್ವೆ 2ರ ಹಿಸ್ಸಾ 3ರಲ್ಲಿ ಹುಡುಕುತ್ತದೆ.

ಎಲ್ಲಕ್ಕಿಂತ ಅಪಾಯದ್ದು ನಲ್, ಅಂದರೆ ಏನೂ ತುಂಬದೆ ಬಿಟ್ಟ ಖಾಲಿ ಜಾಗ. ಬೆಳೆ ಟೇಬಲ್ಲಿನಲ್ಲಿ ಹಿಸ್ಸಾ ನಲ್ ಬಿಟ್ಟರೆ ಆ ಸಾಲಿನ ತಪಾಸಣೆ ಪೂರ್ತಿ ಬಿಟ್ಟುಹೋಗುತ್ತದೆ, ಇಲ್ಲದ ಊರಿನ ಹೆಸರೂ ಒಳಗೆ ಬರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಫಾರಿನ್ ಕೀಗೆ ‘ಮ್ಯಾಚ್ ಫುಲ್’ ಹಾಕಿದರೆ ಮೂರೂ ಇರಬೇಕು, ಇಲ್ಲವೇ ಮೂರೂ ನಲ್ ಆಗಿರಬೇಕು. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ತಂತ್ರಾಂಶ ಆ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರಕ್ಕೂ ‘ನಾಟ್ ನಲ್’ ಹಾಕಿ, ಹಿಸ್ಸಾ ಇಲ್ಲದ ಜಮೀನಿಗೆ ಎರಡೂ ಟೇಬಲ್ಲಿನಲ್ಲಿ ‘0’ ಬರೆಯುವುದೇ ಸರಿಯಾದ ದಾರಿ.

ಸಾಲನ್ನು ಬೇಗ ಹುಡುಕಿಕೊಡುವ ಇಂಡೆಕ್ಸ್ ಮರೆಯಬೇಡಿ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ (ಡೇಟಾ ಉಳಿಸಿಡುವ ಅದರ ಎಂಜಿನ್) ಬೆಳೆ ಟೇಬಲ್ಲಿಗೆ ತಾನೇ ಇಂಡೆಕ್ಸ್ ಮಾಡುತ್ತದೆ, ಪೋಸ್ಟ್‌ಗ್ರೆಸ್ ಮಾಡುವುದಿಲ್ಲ. ಇಂಡೆಕ್ಸ್ ಇಲ್ಲದಿದ್ದರೆ ಒಂದು ಜಮೀನು ಅಳಿಸಲು ಬೆಳೆ ಟೇಬಲ್ಲನ್ನು ಪೂರ್ತಿ ಜಾಲಾಡಬೇಕಾಗುತ್ತದೆ.

ಇನ್ನು ಪೋಡಿ, ಅಂದರೆ ಜಮೀನು ಒಡೆದು ಬೇರೆ ನಂಬರು ಕೊಡುವುದು. ಹಿಸ್ಸಾ 2 ಒಡೆದು 2ಎ, 2ಬಿ ಆಯಿತು ಅನ್ನಿ. ಜಮೀನಿನ ಕೀ ಬದಲಾದರೆ ಬೆಳೆಯ ಸಾಲನ್ನೂ ತಾನೇ ಬದಲಿಸುವ ‘ಆನ್ ಅಪ್‌ಡೇಟ್ ಕ್ಯಾಸ್ಕೇಡ್’ ನಂಬಿ 2 ಅನ್ನು 2ಎ ಮಾಡಿದರೆ ಬೆಳೆಯೆಲ್ಲ 2ಎಗೆ ಹೋಗುತ್ತದೆ, 2ಬಿಯ ಅಡಿಕೆಯೂ ಸೇರಿ. ಮೊದಲು ಎರಡು ಹೊಸ ಸಾಲು ಸೇರಿಸಿ, ಬೆಳೆಗಳನ್ನು ಅದರದರ ಹಿಸ್ಸಾಕ್ಕೆ ಬದಲಿಸಿ, ಕೊನೆಗೆ ಹಳೆಯ 2 ಅಳಿಸಿ. ಇಷ್ಟೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ, ಅಂದರೆ ಆದರೆ ಎಲ್ಲ, ಇಲ್ಲದಿದ್ದರೆ ಏನೂ ಇಲ್ಲ ಎನ್ನುವ ಹಾಗೆ, ಆಗಬೇಕು. ಒಂದಾದರೂ ಬೆಳೆ ಹಳೆಯ 2ರಲ್ಲೇ ಉಳಿದಿದ್ದರೆ, ಅಳಿಸುವಾಗ ಫಾರಿನ್ ಕೀ ತಡೆದು ನಿಲ್ಲಿಸುತ್ತದೆ.