ಮೇಪಲ್ ರಸಕ್ಕೆ ಆರ್‌ಒ: ವಾಲ್ವನ್ನು ಬಿಗಿಯಬೇಡಿ

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಫೆಬ್ರವರಿ ಮುಗಿಯುತ್ತ ಬಂದು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿಯೂ ಹಗಲು ಹಿಮ ಕರಗಿಸುವ ಬಿಸಿಲೂ ಒಂದರ ಹಿಂದೆ ಒಂದು ಬರತೊಡಗಿದರೆ ಶುಗರ್ ಮೇಪಲ್ ಮರಗಳಲ್ಲಿ ರಸ ಹರಿಯುತ್ತದೆ. ಹಿತ್ತಿಲಿನ ನಾಲ್ಕಾರು ಮರಗಳಿಗೆ ನಳಿಕೆ ಹೊಡೆದು ಸಿರಪ್ ಕಾಯಿಸುವ ಹವ್ಯಾಸಿಗಳಿಂದ ನನಗೆ ಕರೆಗಳು ಬರತೊಡಗುವುದೂ ಆಗಲೇ. ಮೆಂಬ್ರೇನ್‌ಗಳಿಂದ, ಅಂದರೆ ನೀರನ್ನು ದಾಟಿಸಿ ಉಳಿದದ್ದನ್ನು ತಡೆಯುವ ತೆಳು ಪೊರೆಗಳಿಂದ, ನೀರನ್ನು ಬೇರ್ಪಡಿಸುವುದೇ ನನ್ನ ವೃತ್ತಿಯಾದ್ದರಿಂದ ಅವರು ನನ್ನನ್ನು ಕೇಳುವುದು ಸಹಜ. ಪ್ರಶ್ನೆ ಮಾತ್ರ ಪ್ರತಿವರ್ಷವೂ ಅದೇ: "ಅಡುಗೆಮನೆಯ ಆರ್‌ಒ ಯಂತ್ರವನ್ನೇ ರಸಕ್ಕೆ ಜೋಡಿಸಿದ್ದೇನೆ. ರಸ 2 ಬ್ರಿಕ್ಸ್‌ನಿಂದ 4ಕ್ಕೆ ಏರಿ ಅಲ್ಲೇ ನಿಂತಿದೆ. 8ಕ್ಕೆ ತರಲು ವಾಲ್ವನ್ನು ಎಷ್ಟು ಬಿಗಿಯಬೇಕು?" ಬ್ರಿಕ್ಸ್ ಎಂದರೆ ನೂರು ಭಾಗ ತೂಕದಲ್ಲಿ ಸಕ್ಕರೆ ಎಷ್ಟು ಭಾಗ ಎಂಬ ಅಳತೆ; ವಾಲ್ವ್ ಎಂದರೆ ಮೆಂಬ್ರೇನ್ ದಾಟದೆ ಉಳಿದದ್ದು ಹೊರಬರುವ ದಾರಿಯದು. ಬಿಗಿಯಲೇಬಾರದು ಎಂಬುದು ಉತ್ತರ. ಈ ಉತ್ತರ ಯಾರಿಗೂ ರುಚಿಸುವುದಿಲ್ಲವಾದ್ದರಿಂದ ಅದರ ಕಾರಣವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆಗೆ ಬೀಳುವ ಕಬ್ಬಿನ ಹಾಲಿನಲ್ಲಿ ನೂರಕ್ಕೆ 16ರಿಂದ 20 ಭಾಗ ಸಕ್ಕರೆ ಇರುತ್ತದೆ. ಮೇಪಲ್ ರಸದಲ್ಲಿ ಸಾಮಾನ್ಯವಾಗಿ 2 ಭಾಗ ಮಾತ್ರ. ವರ್ಮಾಂಟಿನ ನಿಯಮದಂತೆ ಸಿರಪ್ ಕನಿಷ್ಠ 66.9 ಬ್ರಿಕ್ಸ್ ಇರಬೇಕು. ಹಾಗಾಗಿ 100 ಕಿಲೋ ರಸ ಕಾಯಿಸಿದರೆ ಕೈಗೆ ಬರುವುದು ಸುಮಾರು 3 ಕಿಲೋ ಸಿರಪ್, ಆವಿಯಾಗಿ ಹೋಗಬೇಕಾದದ್ದು 97 ಕಿಲೋ ನೀರು. ಆರ್‌ಒ ಮೂಲಕ ರಸವನ್ನು 2ರಿಂದ 4 ಬ್ರಿಕ್ಸ್‌ಗೆ ತಂದರೆ ಆ 97ರಲ್ಲಿ 50 ಕಿಲೋ ನೀರು ಒಲೆಯ ಹತ್ತಿರವೇ ಸುಳಿಯದೆ ಹೋಗಿಬಿಡುತ್ತದೆ. 4ರಿಂದ 8ಕ್ಕೆ ಏರಿಸಿದರೆ ಹೋಗುವುದು ಇನ್ನು 25 ಕಿಲೋ. 8ರಿಂದ 16ಕ್ಕೆ ಏರಿಸಿದರೆ ಮತ್ತೆ ಹನ್ನೆರಡೂವರೆ ಕಿಲೋ ಅಷ್ಟೆ. ಮೊದಲ 50 ಕಿಲೋ ನೀರನ್ನು ಆವಿಯಾಗಿಸಲು, ಒಲೆಯಲ್ಲಾಗುವ ನಷ್ಟವನ್ನು ಬಿಟ್ಟರೂ, 31 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಅದೇ ನೀರನ್ನು ಮೆಂಬ್ರೇನ್ ದಾಟಿಸಲು ಸಣ್ಣ ಬೂಸ್ಟರ್ ಪಂಪಿಗೆ ಒಂದು ಯೂನಿಟ್ಟೂ ಬೇಡ. ಲಾಭದ ದೊಡ್ಡ ಪಾಲು ಮೊದಲ ದ್ವಿಗುಣದಲ್ಲೇ ಬಂದುಬಿಟ್ಟಿರುತ್ತದೆ ಎಂಬುದನ್ನು ಹವ್ಯಾಸಿಗಳು ಕಾಗದದ ಮೇಲೆ ಒಮ್ಮೆ ಬರೆದು ನೋಡಬೇಕೆಂದು ನನ್ನ ವಿನಂತಿ.

ಇನ್ನು ವಾಲ್ವಿನ ವಿಷಯ. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಅವರು ಬಳಕೆಗೆ ಯೋಗ್ಯವಾದ ಮೊದಲ ಆರ್‌ಒ ಮೆಂಬ್ರೇನನ್ನು ರೂಪಿಸಿದ್ದು ಉಪ್ಪುನೀರಿನಿಂದ ಸಿಹಿನೀರು ತೆಗೆಯುವ ಸಲುವಾಗಿ. ಬೆಂಗಳೂರಿನ ಅಡುಗೆಮನೆಗಳಲ್ಲಿರುವ ಯಂತ್ರದ ಉದ್ದೇಶವೂ ಅದೇ: ಮೆಂಬ್ರೇನ್ ದಾಟಿ ಬಂದದ್ದು ಕುಡಿಯುವ ನೀರು, ದಾಟದೆ ಉಳಿದದ್ದು ನೆಲ ಒರೆಸಲು ಬಕೆಟ್ಟಿಗೆ ಹಿಡಿದಿಡುವ ವೇಸ್ಟ್ ನೀರು. ವೇಸ್ಟ್ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದೆಂಬ ಭಾವನೆ ಹೀಗೆ ನಮ್ಮಲ್ಲಿ ಗಟ್ಟಿಯಾಗಿ ಕುಳಿತಿದೆ. ಮೇಪಲ್ ರಸದಲ್ಲಿ ಬೇಕಾದದ್ದು ದಾಟದೆ ಉಳಿದದ್ದೇ. ಆ ದಾರಿಯ ವಾಲ್ವನ್ನು ಬಿಗಿದರೆ ಹೊರಬರುವ ರಸ ಕಡಿಮೆಯಾಗಿ ಸಿಹಿ ಹೆಚ್ಚಾಗುವುದು ನಿಜ, ಅದೂ ಸ್ವಲ್ಪ ಹೊತ್ತು. ಆ ಸ್ವಲ್ಪ ಹೊತ್ತೇ ಜನರನ್ನು ದಾರಿ ತಪ್ಪಿಸುತ್ತದೆ.

ಮೆಂಬ್ರೇನಿನ ಒಂದು ಬದಿ ಸಕ್ಕರೆಯ ದ್ರಾವಣ, ಇನ್ನೊಂದು ಬದಿ ಶುದ್ಧ ನೀರು ಇದ್ದರೆ ನೀರು ತಾನಾಗಿ ಸಕ್ಕರೆಯ ಕಡೆಗೆ ಹೋಗಲು ನೋಡುತ್ತದೆ. ಅದನ್ನು ಹಿಂದಕ್ಕೆ ತಳ್ಳುವುದೇ ಪಂಪಿನ ಕೆಲಸ. ರಸದ ತಣ್ಣನೆಯ ಉಷ್ಣತೆಯಲ್ಲಿ 2 ಬ್ರಿಕ್ಸ್ ರಸದ ಈ ಸೆಳೆತ, ಅಂದರೆ ಆಸ್ಮಾಟಿಕ್ ಒತ್ತಡ, ಸುಮಾರು 1.4 ಬಾರ್, 4 ಬ್ರಿಕ್ಸ್‌ನದು 2.7, 8 ಬ್ರಿಕ್ಸ್‌ನದು 5.5. ಅಡುಗೆಮನೆಯ ಬೂಸ್ಟರ್ ಪಂಪು ಕೊಡುವ 80 ಪಿಎಸ್‌ಐ ಎಂದರೂ ಸುಮಾರು 5.5 ಬಾರ್. ಅಂದರೆ 8 ಬ್ರಿಕ್ಸ್ ಮುಟ್ಟುವ ಹೊತ್ತಿಗೆ ಪಂಪಿನ ಪೂರ್ತಿ ಬಲವೂ ಸಕ್ಕರೆಯನ್ನು ಎದುರಿಸುವುದರಲ್ಲೇ ಮುಗಿದು, ನೀರನ್ನು ಆಚೆ ತಳ್ಳಲು ಏನೂ ಉಳಿದಿರುವುದಿಲ್ಲ. ವಾಲ್ವನ್ನು ಎಷ್ಟೇ ತಿರುಗಿಸಿದರೂ ಈ ಲೆಕ್ಕ ಬದಲಾಗದು. ದೊಡ್ಡ ಉತ್ಪಾದಕರು 8ಕ್ಕೂ 16ಕ್ಕೂ ಹೋಗುತ್ತಾರಲ್ಲ ಎಂದು ಕೇಳುವವರಿದ್ದಾರೆ. ಅವರ ಪಂಪುಗಳು 300ರಿಂದ 500 ಪಿಎಸ್‌ಐ ಒತ್ತಡ ಕೊಡುವಂಥವು, ಮೆಂಬ್ರೇನ್ ಕವಚಗಳೂ ಅದನ್ನು ತಾಳುವಂಥವು. ಮನೆಬಳಕೆಯ ಪ್ಲಾಸ್ಟಿಕ್ ಕವಚಕ್ಕೆ ಅಂಥ ಪಂಪನ್ನು ದಯವಿಟ್ಟು ಯಾರೂ ಜೋಡಿಸಬಾರದು.

ಇಷ್ಟೇ ಆಗಿದ್ದರೆ ವಾಲ್ವ್ ಬಿಗಿದವರಿಗೆ ಆಗುತ್ತಿದ್ದದ್ದು ನಿರಾಸೆ ಮಾತ್ರ. ಹಾನಿ ಬೇರೆಡೆ ಇದೆ. ನೀರು ದಾಟಿಹೋದ ಜಾಗದಲ್ಲಿ ಸಕ್ಕರೆ, ಖನಿಜಗಳು, ರಸದಲ್ಲಿ ಸದಾ ಇರುವ ಸೂಕ್ಷ್ಮಜೀವಿಗಳು ಎಲ್ಲವೂ ಮೆಂಬ್ರೇನಿನ ಮೇಲ್ಮೈಗೆ ಅಂಟಿಕೊಂಡಂತೆ ಉಳಿಯುತ್ತವೆ, ಮತ್ತು ಅವನ್ನು ಗುಡಿಸಿ ಹೊರಕ್ಕೆ ಒಯ್ಯುವುದು ಪಕ್ಕದಲ್ಲಿ ಹರಿಯುವ ರಸವೊಂದೇ. ಆ ಹರಿವು ಮಂದವಾದರೆ ಮೇಲ್ಮೈಯಲ್ಲಿ ಸಕ್ಕರೆಯ ಪದರ ದಪ್ಪವಾಗುತ್ತದೆ. ಸಕ್ಕರೆ ಅಳೆಯುವ ನಿಮ್ಮ ರಿಫ್ರಾಕ್ಟೋಮೀಟರ್ 5 ಬ್ರಿಕ್ಸ್ ತೋರಿಸುತ್ತಿದ್ದರೂ ಮೆಂಬ್ರೇನ್ ಎದುರಿಸುತ್ತಿರುವುದು ಅದಕ್ಕಿಂತ ಬಹಳ ಗಟ್ಟಿಯಾದ ದ್ರಾವಣವನ್ನು. ದಾಟುವ ನೀರು ಇಳಿಯುತ್ತದೆ, ಲೋಳೆ ಕೂರುತ್ತದೆ, ನೀರು ಇನ್ನೂ ಇಳಿಯುತ್ತದೆ, ಅದನ್ನು ಕಂಡವರು ವಾಲ್ವನ್ನು ಇನ್ನಷ್ಟು ಬಿಗಿಯುತ್ತಾರೆ.

ಇದು ಮೇಪಲ್ ನಾಡಿನವರ ತಪ್ಪು ಮಾತ್ರವಲ್ಲ. ಕೋಲಾರದ ಕಡೆಯ ಫ್ಲೋರೈಡ್ ನೀರಿಗೆಂದು ಹಾಕಿದ ಒಂದು ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕವನ್ನು ನೋಡಲು ಹೋಗಿದ್ದೆ. ಘಟಕ ನೋಡಿಕೊಳ್ಳುತ್ತಿದ್ದ ಹುಡುಗ ಬಹಳ ನಿಷ್ಠಾವಂತ. ಕೊಳವೆಬಾವಿಯ ನೀರು ಚರಂಡಿಗೆ ಹರಿಯುವುದನ್ನು ನೋಡಲಾಗದೆ ರಿಜೆಕ್ಟ್ ವಾಲ್ವನ್ನು ದಿನಕ್ಕೊಂದಿಷ್ಟು ಬಿಗಿಯುತ್ತ ಬಂದಿದ್ದ. "ನೀರು ದಂಡ ಆಗ್ಬಾರ್ದು ಅಂತ ಮಾಡ್ದೆ ಸಾರ್" ಎಂದು ಅವನು ಹೇಳಿದಾಗ ಬಯ್ಯಲು ಮನಸ್ಸಾಗಲಿಲ್ಲ. ಆದರೆ ಮೆಂಬ್ರೇನುಗಳ ಮೇಲೆ ಗಡಸು ನೀರಿನ ಸುಣ್ಣ ಕಟ್ಟಿಕೊಂಡು ಅವನ್ನು ಬದಲಾಯಿಸದೆ ಬೇರೆ ದಾರಿಯಿರಲಿಲ್ಲ. ಆಸೆಯಿಂದಲ್ಲ, ಉಳಿಸಬೇಕೆಂಬ ಕಾಳಜಿಯಿಂದಲೇ ಜನ ಈ ತಪ್ಪು ಮಾಡುತ್ತಾರೆ; ಅದಕ್ಕಾಗಿಯೇ ಅವರನ್ನು ಒಪ್ಪಿಸುವುದು ಕಷ್ಟ.

ಹಾಗಾದರೆ ಮಾಡಬೇಕಾದದ್ದೇನು? ಒಂದು ಮೆಂಬ್ರೇನಿನಲ್ಲಿ ಒಂದು ಸಲಕ್ಕೆ ಅರ್ಧದಷ್ಟು ನೀರು ತೆಗೆಯುವುದೇ ಮೇಲಿನ ಮಿತಿ ಎಂದು ನಾನು ಹೇಳುತ್ತೇನೆ. ತಯಾರಕರು ಅದಕ್ಕಿಂತ ಕಡಿಮೆ ಹೇಳಿದ್ದರೆ ಅವರ ಮಾತನ್ನೇ ಪಾಲಿಸಿ. ಯಂತ್ರದಿಂದ ನೀರೂ ರಸವೂ ಹೊರಬರುವ ಎರಡೂ ನಳಿಕೆಗಳ ಕೆಳಗೆ ಅಳತೆಯ ಜಗ್ ಇಟ್ಟು ಒಂದು ನಿಮಿಷ ಹಿಡಿದು ನೋಡಿ. ದಾಟಿದ ನೀರು ರಸಕ್ಕಿಂತ ಹೆಚ್ಚಿದ್ದರೆ ವಾಲ್ವನ್ನು ಸಡಿಲಿಸಿ. ಇನ್ನೂ ಗಟ್ಟಿ ಬೇಕೆಂದರೆ ವಾಲ್ವನ್ನು ಧಾರಾಳವಾಗಿ ತೆರೆದು, ಹೊರಬಂದ ರಸವನ್ನು ಅದೇ ಡ್ರಮ್ಮಿಗೆ ಹಿಂದಿರುಗಿಸಿ ಸುತ್ತಿಸುವುದು ಸರಿಯಾದ ದಾರಿ. 5 ಬ್ರಿಕ್ಸ್‌ವರೆಗೆ ನಿಧಾನವಾಗಿಯಾದರೂ ಹೋಗಬಹುದು. ಬೇಗ ಆಗಬೇಕೆಂದರೆ ಮೆಂಬ್ರೇನುಗಳ ಸಂಖ್ಯೆ ಹೆಚ್ಚಿಸಬೇಕೇ ಹೊರತು ಬಿಗಿತವನ್ನಲ್ಲ. ಡಬ್ಬದ ಮೇಲೆ ಬರೆದ ದಿನಕ್ಕೆ 75 ಗ್ಯಾಲನ್ ಎಂಬ ಸಂಖ್ಯೆ 25 ಡಿಗ್ರಿ ಸೆಲ್ಸಿಯಸ್ ನೀರಿನದು. ಹಿಮದ ಪಕ್ಕದಲ್ಲಿಟ್ಟ 3 ಡಿಗ್ರಿಯ ರಸ ಅದರ ಅರ್ಧದಷ್ಟು ವೇಗದಲ್ಲಿ ದಾಟಿದರೆ ಯಂತ್ರ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. ವೇಗಕ್ಕಾಗಿ ರಸವನ್ನು ಬಿಸಿ ಮಾಡುವ ಯೋಚನೆಯೂ ಬೇಡ, ಬೆಚ್ಚಗಾದ ರಸ ಬೇಗ ಹುಳಿಯುತ್ತದೆ.

ಆರ್‌ಒ ಮಾಡಿದರೆ ರುಚಿ ಕೆಡುತ್ತದೆಂಬ ಅಂಜಿಕೆಯೂ ಇದೆ. ಅಂಡರ್‌ಹಿಲ್‌ನಲ್ಲಿರುವ ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಕ್ಟರ್ ಮೇಪಲ್ ಸಂಶೋಧನಾ ಕೇಂದ್ರದವರು ಒಂದೇ ರಸವನ್ನು ಹಾಗೆಯೇ ಮತ್ತು ಗಟ್ಟಿಗೊಳಿಸಿ ಕಾಯಿಸಿ ಹೋಲಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೇಪಲ್‌ನ ಆ ಪರಿಮಳ ಹುಟ್ಟುವುದು ಕುದಿಯುವಾಗ, ಮತ್ತು 4 ಬ್ರಿಕ್ಸ್ ರಸಕ್ಕೂ ಕುದಿಯಲು ಬೇಕಾದಷ್ಟು ಹೊತ್ತು ಇದ್ದೇ ಇರುತ್ತದೆ.

ಗಟ್ಟಿಗೊಳಿಸಿದ ರಸವನ್ನು ಅದೇ ದಿನ ಕಾಯಿಸಬೇಕು, ನಾಳೆಗೆಂದು ಇಡಬಾರದು. ಕೆಲಸ ಮುಗಿದ ಮೇಲೆ ದಾಟಿದ ಶುದ್ಧ ನೀರಿನಿಂದಲೇ, ವಾಲ್ವ್ ಪೂರ್ತಿ ತೆರೆದು, ಮೆಂಬ್ರೇನನ್ನು ತೊಳೆಯಬೇಕು. ಅದಕ್ಕಾಗಿ ಆ ನೀರಿನಲ್ಲಿ ಒಂದಿಷ್ಟನ್ನು ಮೊದಲೇ ತೆಗೆದಿಡಿ. ಬ್ಲೀಚ್ ಹಾಕಿ ತೊಳೆಯಬೇಡಿ, ಕ್ಲೋರಿನ್ ಮೆಂಬ್ರೇನಿನ ಪಾಲಿಅಮೈಡ್ ಪೊರೆಯನ್ನು ತಿಂದುಹಾಕುತ್ತದೆ. ಪೊರೆ ಹಾಗೆ ಕೆಟ್ಟ ಮೇಲೆ ದಾಟಿದ ನೀರಿಗೆ ರಿಫ್ರಾಕ್ಟೋಮೀಟರ್ ಹಿಡಿದರೆ ಅದರಲ್ಲೂ ಸಕ್ಕರೆ ಕಾಣಿಸುತ್ತದೆ. ರಾತ್ರಿ ಯಂತ್ರವನ್ನು ಹೊರಗಿನ ಶೆಡ್ಡಿನಲ್ಲಿ ಬಿಡದೆ ಮನೆಯೊಳಕ್ಕೆ ತನ್ನಿ: ಒಳಗಿನ ನೀರು ಒಮ್ಮೆ ಹೆಪ್ಪುಗಟ್ಟಿದ ಮೆಂಬ್ರೇನನ್ನು ನಂಬುವಂತಿಲ್ಲ.