ಹರಾಜುಕು: ಬಟ್ಟೆ ಉಳಿಯಿತು, ರಸ್ತೆ ಹೋಯಿತು

ಟೋಕಿಯೋದ ರೈಲು ನಿಲ್ದಾಣಗಳಲ್ಲಿ ಹತ್ತಾರು ವರ್ಷಗಳಿಂದ ನಡೆದುಬಂದ ಒಂದು ದೃಶ್ಯ ಇದೆ. ಊರಾಚೆಯ ಸೈತಾಮಾದಿಂದಲೋ ಚೀಬಾದಿಂದಲೋ ಬಂದ ಹುಡುಗಿ ದೊಡ್ಡ ಚೀಲ ಹೊತ್ತು ನಿಲ್ದಾಣದ ಶೌಚಾಲಯಕ್ಕೆ ಹೋಗುತ್ತಾಳೆ. ಹೊರಗೆ ಬರುವಾಗ ಅವಳೇ ಬೇರೆ. ಉಬ್ಬಿದ ಲಂಗ, ನಾಲ್ಕು ಬೆರಳು ದಪ್ಪ ಅಟ್ಟೆಯ ಶೂ, ತಲೆತುಂಬ ಬಣ್ಣದ ಕ್ಲಿಪ್ಪು. ಮನೆಯಿಂದ ಉಟ್ಟುಬಂದ ಬಟ್ಟೆ ಮಡಚಿ ಚೀಲಕ್ಕೆ ಹೋಗಿದೆ. ಆ ಚೀಲವನ್ನು ನಾಣ್ಯ ಹಾಕುವ ಲಾಕರ್‌ನಲ್ಲಿಟ್ಟು, ಕೀಲಿ ಜೇಬಿಗೆ ಹಾಕಿಕೊಂಡು ಅವಳು ಹರಾಜುಕು ಅನ್ನುವ ಬಡಾವಣೆಯ ಬೀದಿಗೆ ಓಡುತ್ತಾಳೆ. ಅಲ್ಲಿ ಗೆಳತಿಯರು ಕಾಯುತ್ತಿದ್ದಾರೆ.

ಜಪಾನಿನ ಬೀದಿ ಫ್ಯಾಷನ್ ಅಂದರೆ ನಮಗೆ ಸಿಗುವುದು ಫೋಟೋಗಳು. ಫೋಟೋದಲ್ಲಿ ಸಾಮಾನ್ಯವಾಗಿ ಒಬ್ಬಳೇ ಇರುತ್ತಾಳೆ. ಹಾಗಾಗಿ ಇದು ಒಂಟಿ ಜನರ ವಿಚಿತ್ರ ಹವ್ಯಾಸ ಅಂತ ಅನ್ನಿಸಿಬಿಡುತ್ತದೆ. ನನಗೆ ಕಾಣುವುದು ಬೇರೆ. ಈ ಬಟ್ಟೆಗಳು ಹುಟ್ಟಿದ್ದೇ ಗೆಳೆಯರನ್ನು ಸೇರುವುದಕ್ಕೆ. ಸೇರುವ ಜಾಗ ಇದ್ದಷ್ಟು ದಿನ ಅವು ಬೆಳೆದವು. ಆ ಜಾಗ ಹೇಗೆ ಸಿಕ್ಕಿತು, ಹೇಗೆ ಕೈತಪ್ಪಿತು ಅನ್ನುವುದೇ ಈ ಕಥೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಕಾಸ್‌ಪ್ಲೇ ಅಲ್ಲ. ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ನೋಡುತ್ತೀರಲ್ಲ, ಯಾವುದೋ ಕಥೆಯ ಪಾತ್ರದ ವೇಷ, ಅದು ಕಾಸ್‌ಪ್ಲೇ. ಲೋಲಿಟಾ ಉಡುಪು, ಅಂದರೆ ಲೇಸು, ನೆರಿಗೆ, ಉಬ್ಬಿದ ಲಂಗದ ಬಟ್ಟೆ, ತೊಟ್ಟ ಹುಡುಗಿ ಯಾವ ಪಾತ್ರವೂ ಅಲ್ಲ. ಅವಳು ಅವಳೇ. ಇಬ್ಬರನ್ನೂ ಒಂದೇ ಅಂದರೆ ಅವಳಿಗೆ ಬೇಜಾರಾಗುತ್ತದೆ, ನ್ಯಾಯವಾಗಿಯೇ.

ಹರಾಜುಕು ಮೊದಲಿನಿಂದ ಫ್ಯಾಷನ್ ಪೇಟೆಯೇನಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ, ಪಕ್ಕದ ಯೊಯೋಗಿಯಲ್ಲಿ ಅಮೆರಿಕದ ಸೇನೆಯವರ ಕುಟುಂಬಗಳಿಗಾಗಿ ವಾಷಿಂಗ್ಟನ್ ಹೈಟ್ಸ್ ಅನ್ನುವ ಬಡಾವಣೆ ಎದ್ದಿತು. ಆ ಕುಟುಂಬಗಳಿಗೆ ಬೇಕಾದ ಆಟಿಕೆ, ಬಟ್ಟೆ, ಉಡುಗೊರೆ ಮಾರುವ ಅಂಗಡಿಗಳು ಬಂದವು. ವಿದೇಶಿ ಗಾಳಿ ಮೊದಲು ಬೀಸಿದ್ದು ಹಾಗೆ. 1964ರ ಒಲಿಂಪಿಕ್ಸ್‌ಗೆ ಆ ಜಾಗ ಕ್ರೀಡಾಗ್ರಾಮವಾಯಿತು, 1967ರಲ್ಲಿ ಯೊಯೋಗಿ ಪಾರ್ಕ್ ಆಯಿತು. 1970ರಲ್ಲಿ ಹಿತೋಮಿ ಓಕಾವಾ ಅನ್ನುವ ವಿನ್ಯಾಸಕಿ ಇಲ್ಲಿ 'ಮಿಲ್ಕ್' ಅನ್ನುವ ಪುಟ್ಟ ಅಂಗಡಿ ತೆರೆದರು. 1978ರಲ್ಲಿ ಲಾಫೋರೆ ಅನ್ನುವ ದೊಡ್ಡ ಮಳಿಗೆ ಬಂತು.

ಆದರೆ ಅಂಗಡಿ ಇದ್ದರೆ ಸಾಕೇ? ನಿಲ್ಲಲು ಜಾಗ ಬೇಕಲ್ಲ.

ಆ ಜಾಗ 1977ರಲ್ಲಿ ಸಿಕ್ಕಿತು. ಭಾನುವಾರಗಳಂದು ಪಾರ್ಕಿನ ಪಕ್ಕದ ರಸ್ತೆಗೆ ವಾಹನ ಬಿಡುವುದನ್ನು ನಿಲ್ಲಿಸಿದರು. ಇಂಥ ರಸ್ತೆಗೆ ಜಪಾನಿನಲ್ಲಿ 'ಹೊಕೋಷಾ ತೆಂಗೋಕು' ಅನ್ನುತ್ತಾರೆ, ನಡೆಯುವವರ ಸ್ವರ್ಗ ಅಂತ ಅರ್ಥ. ಬಾಯಿಮಾತಿನಲ್ಲಿ ಅದು ಹೊಕೊತೆನ್. ಟಿಕೆಟ್ ಇಲ್ಲ, ಕಾಫಿ ಕೊಳ್ಳಲೇಬೇಕು ಅಂತಿಲ್ಲ. ಸುಮ್ನೆ ಬಂದು ನಿಲ್ಲಬಹುದು. ಹದಿನಾರರ ವಯಸ್ಸಿಗೆ, ಖಾಲಿ ಜೇಬಿಗೆ, ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

ಮೊದಲು ಬಂದವರು ಕುಣಿಯುವವರು. ತಕೆಷಿತಾ ಬೀದಿಯಲ್ಲಿ 1978ರಲ್ಲಿ ಶುರುವಾದ 'ತಕೆನೊಕೊ' ಅನ್ನುವ ಅಂಗಡಿಯಿಂದ ಕಣ್ಣು ಕುಕ್ಕುವ ಬಣ್ಣದ, ದೊಗಲೆ ಪೈಜಾಮದಂಥ ಬಟ್ಟೆ ಕೊಂಡು, ಟೇಪ್ ರೆಕಾರ್ಡರ್ ನೆಲದ ಮೇಲಿಟ್ಟು, ಸುತ್ತ ವೃತ್ತ ಕಟ್ಟಿ, ಎಲ್ಲರೂ ಒಂದೇ ಹೆಜ್ಜೆ ಹಾಕುತ್ತಿದ್ದರು. ತಕೆನೊಕೊ ಅಂದರೆ ಕಳಲೆ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ: ಮಳೆ ಬಿದ್ದದ್ದೇ ನೆಲ ಸೀಳಿಕೊಂಡು ಏಳುವ ಬಿದಿರಿನ ಮೊಳಕೆ. ಈ ಹುಡುಗ ಹುಡುಗಿಯರಿಗೆ ಜನ 'ತಕೆನೊಕೊ-ಜೋಕು' ಅಂತ ಹೆಸರಿಟ್ಟರು, ಕಳಲೆ ಪಂಗಡ. ಅವರ ಆಸುಪಾಸಿನಲ್ಲೇ ಚರ್ಮದ ಜಾಕೆಟ್ಟಿನ ರಾಕ್ ಅಂಡ್ ರೋಲ್ ಹುಡುಗರು. ಎಂಬತ್ತರ ದಶಕದ ಕೊನೆಗೆ ಬ್ಯಾಂಡ್‌ಗಳು. ರಸ್ತೆಯುದ್ದಕ್ಕೂ ಸ್ಪೀಕರ್.

ಹರಾಜುಕುವಿನ ಪಕ್ಕದ ನಿಲ್ದಾಣ ಶಿಬುಯಾ. ಅಲ್ಲಿ ಬೆಳೆದದ್ದು ಇನ್ನೊಂದು ಜಾತಿಯ ಸೊಬಗು. 1979ರಲ್ಲಿ ತೆರೆದ '109' ಮಳಿಗೆ ಅದರ ಕೇಂದ್ರ. ಈ ಹೆಸರು ಒಂದು ಶ್ಲೇಷೆ. ಜಪಾನಿ ಭಾಷೆಯಲ್ಲಿ ಹತ್ತಕ್ಕೆ 'ತೋ', ಒಂಬತ್ತಕ್ಕೆ 'ಕ್ಯೂ'; ಸೇರಿಸಿದರೆ ತೋಕ್ಯೂ, ಮಾಲೀಕ ಕಂಪನಿಯ ಹೆಸರು. ತೊಂಬತ್ತರ ದಶಕದಲ್ಲಿ ಇಲ್ಲಿ ಗ್ಯಾರು ಹುಡುಗಿಯರ ರಾಜ್ಯ. ಶಾಲೆ ಯೂನಿಫಾರ್ಮ್ ಹೇರಿತ್ತು. ಅವರು ಅದೇ ಯೂನಿಫಾರ್ಮ್‌ನ ಲಂಗವನ್ನು ಸೊಂಟದಲ್ಲಿ ಸುತ್ತಿ ಗಿಡ್ಡ ಮಾಡಿಕೊಂಡರು. ಕಾಲಿಗೆ ಮಾರುದ್ದದ ಬಿಳಿ ಸಾಕ್ಸ್ ಹಾಕಿ, ಮಡಿಕೆ ಮಡಿಕೆಯಾಗಿ ಪಾದದ ಹತ್ತಿರ ಇಳಿಬಿಟ್ಟರು. ಅದು ಪೂರ್ತಿ ಜಾರಬಾರದಲ್ಲ, ಅದಕ್ಕೆ ಮೀನಖಂಡಕ್ಕೆ ಸವರುವ ಒಂದು ಗೋಂದು ಬರುತ್ತಿತ್ತು. ಬ್ಯಾಗಿನಲ್ಲಿ ಪುಸ್ತಕ ಇಲ್ಲದಿದ್ದರೂ ಆ ಗೋಂದು ಇರುತ್ತಿತ್ತು.

ಜಪಾನಿನಲ್ಲಿ ಹೆಣ್ಣಿನ ಮೈಬಣ್ಣ ಬೆಳ್ಳಗಿರಬೇಕು ಅನ್ನುವ ಒತ್ತಾಯ ಹಳೆಯದು. ನಮಗೆ ಇದು ಚೆನ್ನಾಗಿಯೇ ಗೊತ್ತು, ಅಲ್ವಾ? ಈ ಹುಡುಗಿಯರು ಅದನ್ನೇ ತಿರುಗಿಸಿ ಹಾಕಿದರು. ದುಡ್ಡು ಕೊಟ್ಟು ಯಂತ್ರದಡಿ ಮಲಗಿ ಮೈ ಕಪ್ಪು ಮಾಡಿಕೊಂಡರು, ಕೂದಲನ್ನು ಹುಲ್ಲಿನ ಬಣ್ಣಕ್ಕೆ ತಂದರು, ಕಣ್ಣಿನ ಸುತ್ತ ಬಿಳಿ ಬಳಿದರು. ತೊಂಬತ್ತರ ದಶಕದ ಕೊನೆಗೆ ಇದು ಗಂಗುರೊ ಅನ್ನಿಸಿಕೊಂಡಿತು. ಇನ್ನೂ ಮುಂದೆ ಹೋದವರಿಗೆ ಯಮಂಬಾ ಅಂದರು, ಜನಪದ ಕಥೆಯ ಬೆಟ್ಟದ ಮುದಿ ರಾಕ್ಷಸಿಯ ಹೆಸರು. ಪತ್ರಿಕೆ, ಟಿವಿಗಳು ಅವರನ್ನು ಕೊಳಕಿಯರು, ಕೆಟ್ಟುಹೋದವರು ಅಂತ ಜರೆದವು. ಆ ಮಾತುಗಳನ್ನು ನಾನು ಒಪ್ಪುವುದಿಲ್ಲ. ಹದಿನೇಳರ ಹುಡುಗಿಯರು ಕನ್ನಡಿ ಮುಂದೆ ಕೂತು, ಇಡೀ ದೇಶದ 'ಚೆಂದ' ಅನ್ನುವ ಪದಕ್ಕೆ ಬೇಡ ಅಂದದ್ದು ಸಣ್ಣ ಧೈರ್ಯ ಅಲ್ಲ. ಒಬ್ಬೊಬ್ಬರೇ ಆಗಿದ್ದರೆ ಆ ಧೈರ್ಯ ಬರುತ್ತಲೂ ಇರಲಿಲ್ಲ.

ಗುಂಪಿನ ಆ ಬಲಕ್ಕೆ ಸಾಕ್ಷಿ ಪುರಿಕುರಾ. 1995ರಲ್ಲಿ ಅಟ್ಲಸ್ ಮತ್ತು ಸೆಗಾ ಕಂಪನಿಗಳು ತಂದ ಫೋಟೋ ಸ್ಟಿಕರ್ ಯಂತ್ರ ಇದು. ಪರದೆ ಸರಿಸಿ ನಾಲ್ಕೈದು ಜನ ಒತ್ತಿಕೊಂಡು ನಿಲ್ಲಬೇಕು. ಕೆನ್ನೆಗೆ ಕೆನ್ನೆ ತಾಗಿಸದಿದ್ದರೆ ಚೌಕಟ್ಟಿನಲ್ಲಿ ಎಲ್ಲರೂ ಹಿಡಿಯುವುದಿಲ್ಲ. ಕ್ಲಿಕ್. ಕೆಳಗಿನ ಸೀಳಿನಿಂದ ಒಂದು ಹಾಳೆ ಬೀಳುತ್ತದೆ, ಉಗುರಿಗಿಂತ ತುಸು ದೊಡ್ಡ ಸ್ಟಿಕರ್‌ಗಳು ಸಾಲಾಗಿ. ಪಕ್ಕದಲ್ಲಿ ಮೇಜು, ಅದರ ಮೇಲೆ ಕತ್ತರಿ. ಕತ್ತರಿಸಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಮನೆಗೆ ಹೋಗಿ ಪುಟ್ಟ ಪುಸ್ತಕಕ್ಕೆ ಅಂಟಿಸುತ್ತಾರೆ. ಆ ಪುಸ್ತಕ ದಪ್ಪಗಾದಷ್ಟೂ ಗೆಳೆತನ ಜಾಸ್ತಿ ಅಂತ ಲೆಕ್ಕ.

ಇತ್ತ ಹರಾಜುಕುವಿನಲ್ಲಿ ಷೋಇಚಿ ಅಓಕಿ ಅನ್ನುವ ಛಾಯಾಗ್ರಾಹಕರು 1997ರಲ್ಲಿ 'ಫ್ರೂಟ್ಸ್' ಪತ್ರಿಕೆ ಶುರು ಮಾಡಿದರು. ಬೀದಿಯಲ್ಲಿ ನಿಂತವರ ತಲೆಯಿಂದ ಕಾಲಿನವರೆಗಿನ ಫೋಟೋ, ಜೊತೆಗೆ ವಯಸ್ಸು, ಯಾವ ಬಟ್ಟೆ ಎಲ್ಲಿ ಕೊಂಡದ್ದು ಅನ್ನುವ ವಿವರ. ಕೆಲವದರ ಮುಂದೆ 'ನಾನೇ ಹೊಲಿದದ್ದು' ಅಂತ ಇರುತ್ತಿತ್ತು. ಜಗತ್ತು ಹರಾಜುಕುವನ್ನು ಕಂಡದ್ದು ಆ ಪುಟಗಳಿಂದ. ಸಂಕಟದ ವಿಷಯವೆಂದರೆ ಮರುವರ್ಷವೇ, 1998ರಲ್ಲಿ, ಹೊಕೊತೆನ್ ನಿಂತುಹೋಯಿತು. ಗದ್ದಲ, ಕಸ, ವಾಹನ ದಟ್ಟಣೆ ಅಂತ ದೂರುಗಳಿದ್ದವು. ಅವು ಸುಳ್ಳಲ್ಲ. ಆದರೆ ಗದ್ದಲಕ್ಕೆ ಸಮಯ ಕಟ್ಟಬಹುದಿತ್ತು, ಕಸ ಗುಡಿಸಬಹುದಿತ್ತು. ರಸ್ತೆಯನ್ನೇ ಕಾರುಗಳಿಗೆ ವಾಪಸ್ ಕೊಟ್ಟದ್ದು ದೊಡ್ಡ ನಷ್ಟ ಅಂತಲೇ ನಾನು ನಂಬಿದ್ದೇನೆ.

ಹುಡುಗಿಯರು ನಿಲ್ದಾಣದ ಪಕ್ಕದ ಜಿಂಗು ಸೇತುವೆಗೆ ಸರಿದರು. ಅಲ್ಲಿ ಲೋಲಿಟಾ ಮತ್ತು ಕಪ್ಪು ಬಣ್ಣದ ಗೋಥಿಕ್ ಉಡುಪಿನವರ ಭಾನುವಾರಗಳು ಶುರುವಾದವು. ಲೇಸು, ನೆರಿಗೆ, ಮೊಣಕಾಲಿನವರೆಗೆ ಗಂಟೆಯಂತೆ ಉಬ್ಬಿದ ಲಂಗ. 1988ರಲ್ಲಿ ಶುರುವಾದ 'ಬೇಬಿ, ದಿ ಸ್ಟಾರ್ಸ್ ಶೈನ್ ಬ್ರೈಟ್' ಲೋಲಿಟಾ ಉಡುಪಿನ ಹಳೆಯ ಬ್ರ್ಯಾಂಡ್‌ಗಳಲ್ಲಿ ಒಂದು. 'ಮಾಲಿಸ್ ಮಿಜರ್' ಬ್ಯಾಂಡಿನ ಮಾನಾ 1999ರಲ್ಲಿ ಕಪ್ಪು ಗೋಥಿಕ್ ಲೋಲಿಟಾ ಬಟ್ಟೆಯ ಸ್ವಂತ ಬ್ರ್ಯಾಂಡ್ ತಂದರು. ಸೇತುವೆ ಮೇಲಿದ್ದವರಲ್ಲಿ ಎಷ್ಟೋ ಮಂದಿ ಇಂಥ ಬ್ಯಾಂಡ್‌ಗಳ ಅಭಿಮಾನಿಗಳು.

ಸಂಜೆಯಾದ ಮೇಲೆ? ಟೋಕಿಯೋದ ರಾತ್ರಿಗೆ ರೈಲೇ ಗಡಿಯಾರ. ಕೊನೆಯ ರೈಲು, 'ಷೂದೆನ್', ಹನ್ನೆರಡರಿಂದ ಒಂದರ ನಡುವೆ ಹೊರಟುಬಿಡುತ್ತದೆ. ಮತ್ತೆ ರೈಲು ಬೆಳಗಿನ ಜಾವ ನಾಲ್ಕೂವರೆ, ಐದಕ್ಕೇ. ಟ್ಯಾಕ್ಸಿ ಕೈಗೆಟುಕುವುದಿಲ್ಲ. ಹಾಗಾಗಿ ಗೆಳೆಯರ ಗುಂಪಿಗೆ ಎರಡೇ ದಾರಿ: ಓಡಿ ಕೊನೆಯ ರೈಲು ಹಿಡಿಯುವುದು, ಇಲ್ಲವೇ ಬೆಳಗಿನವರೆಗೆ ಜೊತೆಗಿರುವುದು. ಎರಡನೆಯದಕ್ಕೆ 'ಓರು' ಅನ್ನುತ್ತಾರೆ, ಇಂಗ್ಲಿಷಿನ 'ಆಲ್' ಪದದಿಂದ ಬಂದದ್ದು. ಕರಾಒಕೆ ಕೋಣೆ, ರಾತ್ರಿಯಿಡೀ ತೆರೆದಿರುವ ಹೋಟೆಲು, ಕ್ಲಬ್ಬು. ಗ್ಯಾರುಗಳ ಕ್ಲಬ್ಬಿನಲ್ಲಿ ಪಾರಾಪಾರಾ ಕುಣಿತ. ಪ್ರತಿ ಹಾಡಿಗೂ ಕೈಗಳ ಚಲನೆ ಮೊದಲೇ ಗೊತ್ತು, ಎಲ್ಲರೂ ಸಾಲಾಗಿ ನಿಂತು ಒಟ್ಟಿಗೆ ಮಾಡಬೇಕು. ಕಳಲೆ ಪಂಗಡದ ವೃತ್ತ ಇಲ್ಲಿ ಸಾಲಾಗಿದೆ, ಅಷ್ಟೇ.

ರಾತ್ರಿಗೂ ಒಂದು ಬೇಲಿ ಇತ್ತು. 1948ರಲ್ಲಿ, ಡಾನ್ಸ್ ಹಾಲ್‌ಗಳಲ್ಲಿ ವೇಶ್ಯಾವಾಟಿಕೆ ನಡೆಯುತ್ತದೆ ಅನ್ನುವ ಭಯದಿಂದ ಮಾಡಿದ ಕಾನೂನಿನ ಪ್ರಕಾರ, ಗಿರಾಕಿಗಳನ್ನು ಕುಣಿಸುವ ಜಾಗಕ್ಕೆ ಪರವಾನಗಿ ಬೇಕಿತ್ತು. ಪರವಾನಗಿ ಇದ್ದರೂ ನಡುರಾತ್ರಿ, ಕೆಲವೆಡೆ ಒಂದು ಗಂಟೆ, ಅಲ್ಲಿಗೆ ಮುಗಿಯಿತು. ದಶಕಗಳ ಕಾಲ ಪೊಲೀಸರು ಕಂಡೂ ಕಾಣದಂತಿದ್ದರು. 2010ರಲ್ಲಿ ಒಸಾಕಾದ ಅಮೆರಿಕಾಮುರಾ ಅನ್ನುವ ಪೇಟೆಯಲ್ಲಿ ಜಗಳವೊಂದರಲ್ಲಿ ವಿದ್ಯಾರ್ಥಿಯೊಬ್ಬ ಸತ್ತ ಮೇಲೆ ದಾಳಿಗಳು ಶುರುವಾದವು. ಕ್ಲಬ್ಬುಗಳ ಗೋಡೆಯ ಮೇಲೆ 'ಕುಣಿಯಬಾರದು' ಅನ್ನುವ ಫಲಕ ಬಂತು. 2012ರಲ್ಲಿ ಒಸಾಕಾದ 'ನೂನ್' ಕ್ಲಬ್ಬಿನ ಮಾಲೀಕರನ್ನು ಬಂಧಿಸಿದರು. ಅವರು ಸುಮ್ಮನಾಗಲಿಲ್ಲ. 2014ರಲ್ಲಿ ಒಸಾಕಾ ಜಿಲ್ಲಾ ನ್ಯಾಯಾಲಯ ಅವರನ್ನು ನಿರ್ದೋಷಿ ಅಂದಿತು. ಸಂಗೀತಗಾರ ರ್‍ಯುಇಚಿ ಸಕಾಮೊಟೊ ಅವರಂಥವರು ಬೆಂಬಲಿಸಿದ 'ಲೆಟ್ಸ್ ಡಾನ್ಸ್' ಮನವಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. 2015ರಲ್ಲಿ ಕಾನೂನು ತಿದ್ದಿದರು, 2016ರ ಜೂನ್‌ನಲ್ಲಿ ಅದು ಜಾರಿಯಾಯಿತು. ರಾತ್ರಿಯಿಡೀ ಕುಣಿಯಬಹುದು, ಆದರೆ ಒಳಗಿನ ಬೆಳಕು 10 ಲಕ್ಸ್‌ಗಿಂತ ಜಾಸ್ತಿ ಇರಬೇಕು. ಅಂದರೆ ಸಿನಿಮಾ ಶುರುವಾಗುವ ಮುಂಚೆ ಥಿಯೇಟರಿನಲ್ಲಿ ಇರುತ್ತದಲ್ಲ, ಹೆಚ್ಚುಕಮ್ಮಿ ಅಷ್ಟು.

ರಾತ್ರಿ ಸಿಕ್ಕಿದ ಹೊತ್ತಿಗೆ ಹಗಲು ಬಡವಾಗಿತ್ತು. 2008ರಲ್ಲಿ ಎಚ್ ಅಂಡ್ ಎಂ, 2009ರಲ್ಲಿ ಫಾರೆವರ್ 21 ಹರಾಜುಕುವಿಗೆ ಬಂದವು. ಅಗ್ಗದ ಬಟ್ಟೆ ಬಂದ ಮೇಲೆ ತಿಂಗಳುಗಟ್ಟಲೆ ಕಾಸು ಕೂಡಿಟ್ಟು ಒಂದು ಲಂಗ ಕೊಳ್ಳುವವರು, ಹಳೆಯದನ್ನು ಬಿಚ್ಚಿ ಹೊಸದಾಗಿ ಹೊಲಿಯುವವರು ಕಡಿಮೆಯಾದರು. ಫೋನ್ ಬಂದ ಮೇಲೆ ನೋಡುವುದಕ್ಕೂ ತೋರಿಸುವುದಕ್ಕೂ ಬೀದಿಗೆ ಬರಬೇಕಿರಲಿಲ್ಲ. 2017ರಲ್ಲಿ 'ಫ್ರೂಟ್ಸ್' ಮುದ್ರಣ ನಿಲ್ಲಿಸಿತು. ಫೋಟೋ ತೆಗೆಯುವಂಥವರು ಬೀದಿಯಲ್ಲಿ ಸಿಗುತ್ತಿಲ್ಲ ಅನ್ನುವುದು ಅಓಕಿ ಕೊಟ್ಟ ಕಾರಣ. ಅದೇ ವರ್ಷ ಬೀದಿ ಫ್ಯಾಷನ್ನಿನ 'ಕೆರಾ' ಪತ್ರಿಕೆಯೂ ಮುದ್ರಣದಿಂದ ಹೊರಬಿತ್ತು. ಕಲಾವಿದ ಸೆಬಾಸ್ಟಿಯನ್ ಮಸುದಾ ರೂಪಿಸಿದ, 2015ರಲ್ಲಿ ಹರಾಜುಕುವಿನಲ್ಲಿ ತೆರೆದ ಕವಾಯಿ ಮಾನ್ಸ್ಟರ್ ಕೆಫೆ ಕೋವಿಡ್ ಕಾಲದಲ್ಲಿ, 2021ರ ಜನವರಿಯಲ್ಲಿ ಬಾಗಿಲು ಹಾಕಿತು.

ಹಾಗಂತ ಎಲ್ಲ ಮುಗಿಯಿತು ಅನ್ನುವವರ ಮಾತು ನಂಬಬೇಡಿ. 2014ರಲ್ಲಿ ನಿಂತಿದ್ದ ಗ್ಯಾರುಗಳ 'ಎಗ್' ಪತ್ರಿಕೆ 2018ರಲ್ಲಿ ಮತ್ತೆ ಬಂತು. ಲೋಲಿಟಾ ಉಡುಪಿನವರು ಹೋಟೆಲುಗಳಲ್ಲಿ ಚಹಾಕೂಟ ನಡೆಸುತ್ತಾರೆ. ಹರಾಜುಕು ಫ್ಯಾಷನ್ ವಾಕ್ ಅನ್ನುವ ನಡಿಗೆಯೂ ಶುರುವಾಗಿದೆ. ಎಲ್ಲ ಬಗೆಯ ಉಡುಪಿನವರೂ ಒಂದೆಡೆ ಸೇರಿ ಹೊರಡುತ್ತಾರೆ. ಈಗ ನಡೆಯುವುದು ರಸ್ತೆಯ ಮೇಲಲ್ಲ, ಫುಟ್‌ಪಾತ್‌ನಲ್ಲಿ. ಲಂಗಗಳು ಅಗಲ, ಫುಟ್‌ಪಾತ್ ಕಿರಿದು. ಸಿಗ್ನಲ್ ಕೆಂಪಾದರೆ ಗುಂಪು ಎರಡಾಗುತ್ತದೆ. ಆಗ ಮೊದಲು ದಾಟಿದವರು ಆಚೆ ಬದಿಯಲ್ಲಿ ನಿಂತು, ಉಳಿದವರು ಬರುವವರೆಗೆ ಕಾಯುತ್ತಾರೆ.